ದಿನಕ್ಕೆ ಗುಣವುಂಟೆ?

ಒಂದೇ ತಾರೀಖಿನಲ್ಲಿ ಬೇರೆ ಬೇರೆ ಕಾಲಗಳಲ್ಲಿ ನಡೆದ ಸಂಗತಿಗಳನ್ನೂ, ಅಂದು ಜನಿಸಿದ ಪ್ರಸಿದ್ಧರ ಹೆಸರುಗಳನ್ನೂ ಒಂದೆಡೆ ಬರೆದಿಡುವ ವಾಡಿಕೆಯು ಅನೇಕ ದೇಶಗಳಲ್ಲಿ ಉಂಟು. ಅಂತಹ ಪಟ್ಟಿಯನ್ನು ಓದುವವನಿಗೆ ಮೊದಲು ವಿಸ್ಮಯವೂ ಆ ಬಳಿಕ ಸಂದೇಹವೂ ಹುಟ್ಟುವುದು ಸಹಜ. ಈ ಸಂಗತಿಗಳಿಗೆ ತಾರೀಖಿನ ಹೊರತು ಬೇರೊಂದು ನಂಟು ಇದೆಯೆ? ದಿನಕ್ಕೇ ಒಂದು ಗುಣವಿದ್ದು ಅದು ಮರಳಿ ಮರಳಿ ಪ್ರಕಟವಾಗುವುದೆ? ಅಥವಾ ಮನುಷ್ಯನು ತನ್ನ ಆಸೆಯನ್ನು ಪಂಚಾಂಗದ ಮೇಲೆ ಆರೋಪಿಸುತ್ತಿರುವನೆ? ಇದು ಕೇವಲ ಕುತೂಹಲದ ಪ್ರಶ್ನೆಯಲ್ಲ. ಹಬ್ಬವಾಗಿ ಆಚರಿಸುವ ದಿನದಲ್ಲಿ ಏನನ್ನು ನೆನೆಯಬೇಕು, ಏನನ್ನು ಮರೆಯಬಾರದು ಎಂಬ ಧರ್ಮವಿಚಾರವೂ ಇದರೊಳಗೆ ಅಡಗಿದೆ. ಆಗಸ್ಟ್ 15ನೆಯ ತಾರೀಖನ್ನು ನಿದರ್ಶನವಾಗಿಟ್ಟುಕೊಂಡು ಇದನ್ನು ಪರಿಶೀಲಿಸಬಹುದು.

1769ರ ಆ ದಿನ ಕಾರ್ಸಿಕಾ ದ್ವೀಪದಲ್ಲಿ ನೆಪೋಲಿಯನ್ನನು ಹುಟ್ಟಿದನು. 1872ರಲ್ಲಿ ಅದೇ ದಿನ ಕಲ್ಕತ್ತೆಯಲ್ಲಿ ಶ್ರೀ ಅರವಿಂದರು ಜನಿಸಿದರು. ಸಂಗೊಳ್ಳಿ ರಾಯಣ್ಣನ ಜನ್ಮದಿನವೆಂದು ಕನ್ನಡ ನಾಡು ಆಚರಿಸುವುದೂ ಅದೇ ದಿನವನ್ನು. ಒಬ್ಬನು ಪರದೇಶಗಳನ್ನು ಗೆದ್ದು ಆಳಿದವನು. ಇನ್ನೊಬ್ಬರು ರಾಜಕಾರಣವನ್ನು ಬಿಟ್ಟು ಯೋಗಕ್ಕೆ ತಿರುಗಿದವರು. ಮತ್ತೊಬ್ಬನು ಪರರ ಆಳ್ವಿಕೆಯನ್ನು ಎದುರಿಸಿ ಪ್ರಾಣವನ್ನು ತೆತ್ತವನು. ದಿನಕ್ಕೆ ಗುಣವಿದ್ದುದೇ ಆದರೆ, ಈ ಮೂವರಲ್ಲಿ ಸಮಾನವಾದ ಆ ಗುಣವು ಯಾವುದು?

ಗಣಿತವು ಈ ವಿಸ್ಮಯವನ್ನು ಬಹಳಮಟ್ಟಿಗೆ ತಗ್ಗಿಸುತ್ತದೆ. ವರ್ಷಕ್ಕಿರುವುದು 365 ದಿನಗಳು ಮಾತ್ರ. ಲೋಕದ ಚರಿತ್ರೆಯೆಲ್ಲವೂ ಅಷ್ಟೇ ಮನೆಗಳಲ್ಲಿ ತುಂಬಬೇಕು. 23 ಮಂದಿ ಸೇರಿದ ಒಂದು ಕೂಟದಲ್ಲಿ ಇಬ್ಬರ ಜನ್ಮದಿನವು ಒಂದೇ ಆಗಿರುವ ಸಂಭವವು ಅರ್ಧಕ್ಕಿಂತ ಹೆಚ್ಚು ಎಂದು ಲೆಕ್ಕವು ತೋರಿಸುತ್ತದೆ. ಹೀಗಿರುವಾಗ ಸಾವಿರಾರು ವರ್ಷಗಳ ಸಂಗತಿಗಳಲ್ಲಿ ಇಂತಹ ಕೂಡಿಕೆಗಳು ಒದಗದಿದ್ದರೆ ಅದೇ ಆಶ್ಚರ್ಯವಾಗುತ್ತಿತ್ತು.

ಹಾಗಾದರೆ ಆ ದಿನವು ಭಾರತದ ಸ್ವಾತಂತ್ರ್ಯದಿನವಾದುದು ಹೇಗೆ? ಆಂಗ್ಲ ಪ್ರಧಾನಿಯಾದ ಆಟ್ಲಿಯವರು 1947ರ ಫೆಬ್ರವರಿಯಲ್ಲಿ ಗೊತ್ತುಮಾಡಿದ್ದ ಗಡುವು 1948ರ ಜೂನ್ ತಿಂಗಳು. ವೈಸರಾಯ್ ಮೌಂಟ್‌ಬ್ಯಾಟನ್ನರು ಅದನ್ನು ಹಿಂದಕ್ಕೆಳೆದು ಆಗಸ್ಟ್ 15 ಎಂದು ಸಾರಿದರು. ಜಪಾನು ಶರಣಾದ ದಿನದ ಎರಡನೆಯ ವರ್ಷವು ಅಂದಿಗೆ ತುಂಬುವುದೆಂಬುದೇ ಆ ಆಯ್ಕೆಗೆ ಕಾರಣವೆಂದು ಅವರು ಮುಂದೆ ಹೇಳಿದರು. ಜ್ಯೋತಿಷಿಗಳಿಗೆ ಆ ದಿನವು ಒಪ್ಪಲಿಲ್ಲ. ಕೃಷ್ಣಪಕ್ಷದ ಕಡೆಯ ದಿನಗಳವು, ಅಮಾವಾಸ್ಯೆಯು ಸಮೀಪಿಸಿತ್ತು. ರಾಜ್ಯಾಂಗ ಸಭೆಯು 14ರ ರಾತ್ರಿಯೇ ಸೇರಿ ನಡುರಾತ್ರಿಯಲ್ಲಿ ಪ್ರತಿಜ್ಞೆಯನ್ನು ಸ್ವೀಕರಿಸಿತು. ಅರವಿಂದರಾದರೋ, ತಮ್ಮ ಜನ್ಮದಿನವೇ ದೇಶದ ಬಿಡುಗಡೆಯ ದಿನವಾದುದು ಆಕಸ್ಮಿಕವಲ್ಲ, ತಮ್ಮ ಕಾರ್ಯಕ್ಕೆ ದೈವವು ಇತ್ತ ಅನುಮತಿ ಎಂದು ಭಾವಿಸಿದರು. ಹೀಗೆ ಒಂದೇ ದಿನವು ಸೇನಾನಿಗೆ ವಿಜಯದ ನೆನಪು, ಜ್ಯೋತಿಷಿಗೆ ಅಶುಭ, ಯೋಗಿಗೆ ದೈವಸಂಕಲ್ಪ. ಗುಣವು ದಿನದಲ್ಲಿಯೇ ಇದ್ದಿದ್ದರೆ ಮೂವರಿಗೂ ಒಂದೇ ಬಗೆಯಾಗಿ ತೋರಬೇಕಾಗಿತ್ತು.

ಆ ಸೇನಾನಿಯ ವಿಜಯದಿನವನ್ನು ಪೂರ್ವದೇಶಗಳ ಕಡೆಯಿಂದ ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಜಪಾನಿಗೆ ಅದು ಯುದ್ಧದಲ್ಲಿ ಮಡಿದವರನ್ನು ನೆನೆಯುವ ಶೋಕದ ದಿನ. ಅದೇ ಜಪಾನಿನ ಅಧೀನದಲ್ಲಿ 35 ವರ್ಷ ನರಳಿದ ಕೊರಿಯಾಕ್ಕೆ ಅದು ಬಿಡುಗಡೆಯ ದಿನ. ಬೆಳಕು ಮರಳಿದ ದಿನ ಎಂಬ ಅರ್ಥದ ಹೆಸರನ್ನೇ ಅಲ್ಲಿ ಅದಕ್ಕೆ ಇಟ್ಟಿರುವರು. ಅಷ್ಟೇ ಅಲ್ಲ, ಜಪಾನಿನ ಚಕ್ರವರ್ತಿಯ ಮಾತು 15ರ ಮಧ್ಯಾಹ್ನ ಆಕಾಶವಾಣಿಯಲ್ಲಿ ಕೇಳಿಬಂದಾಗ ಅಮೆರಿಕೆಯಲ್ಲಿ ಇನ್ನೂ 14ನೆಯ ತಾರೀಖು. ಯಾವ ದಿನವೆಂಬುದೇ ನಿಂತ ನೆಲವನ್ನು ಅವಲಂಬಿಸಿರುವಾಗ, ದಿನದಲ್ಲಿ ಸ್ವತಸ್ಸಿದ್ಧವಾದ ಗುಣವನ್ನು ಹುಡುಕುವುದು ವ್ಯರ್ಥ.

ಹಾಗೆಂದ ಮಾತ್ರಕ್ಕೆ ದಿನಾಚರಣೆಯೆಲ್ಲವೂ ಮೌಢ್ಯವೆಂದು ತಳ್ಳಿಬಿಡುವುದೂ ವಿವೇಕವಲ್ಲ. ಸಂಕಲ್ಪದಿಂದ ದಿನಕ್ಕೆ ಗುಣವು ಬರುವುದುಂಟು. 1930ರ ಜನವರಿ 26ರಂದು ದೇಶದ ಊರೂರುಗಳಲ್ಲಿ ಜನರು ಪೂರ್ಣ ಸ್ವರಾಜ್ಯದ ಪ್ರತಿಜ್ಞೆಯನ್ನು ಮಾಡಿದರು. ರಾಜ್ಯಾಂಗವು 1949ರ ನವೆಂಬರ್ 26ರಂದೇ ಅಂಗೀಕೃತವಾದರೂ, ಅದು ಪೂರ್ಣವಾಗಿ ಜಾರಿಗೆ ಬಂದುದು ಆ ಹಳೆಯ ಪ್ರತಿಜ್ಞೆಯ ದಿನವನ್ನು ಕಾದು, 1950ರ ಜನವರಿ 26ರಂದು. ಇಲ್ಲಿ ಎರಡು ಸಂಗತಿಗಳನ್ನು ಒಂದು ತಾರೀಖಿಗೆ ಕಟ್ಟಿದುದು ಆಕಸ್ಮಿಕವಲ್ಲ, ಕೊಟ್ಟ ಮಾತಿನ ನೆನಪು. ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದುದು 1831ರ ಜನವರಿ 26ರಂದು ಎಂದು ನಾಡು ನೆನೆಯುತ್ತದೆ. ದಿನವನ್ನು ಆರಿಸಿದವರಿಗೆ ಆತನ ಹೆಸರು ಹೊಳೆದಿರಲಿಲ್ಲ. ಆದರೂ ಎರಡನ್ನೂ ಕೂಡಿಸಿ ನೆನೆಯುವ ಕನ್ನಡಿಗನು ತಪ್ಪುಮಾಡುವುದಿಲ್ಲ. ದಿನವು ತಾನಾಗಿ ಏನನ್ನೂ ಹೇಳದು; ನೆನೆಯುವವನ ಕೃತಜ್ಞತೆಯೇ ಅದಕ್ಕೆ ಮಾತು ಕೊಡುವುದು.

ಆದರೆ ನೆನೆಯುವವನಿಗೆ ಒಂದು ಋಣವೂ ಉಂಟು. ತನ್ನ ಹಬ್ಬದ ದಿನದಲ್ಲಿ ಪರರ ಪಾಲು ಏನಿದ್ದಿತೆಂಬುದನ್ನು ಅವನು ವಿಚಾರಿಸಬೇಕು. 1947ರ ಆ ದಿನ ಪಂಜಾಬಿನಲ್ಲಿ ಹಳ್ಳಿಗಳು ಉರಿಯುತ್ತಿದ್ದವು. ಗಡಿಯ ತೀರ್ಪು ಪ್ರಕಟವಾದುದು 17ರಂದು. ಅಲ್ಲಿಯವರೆಗೆ ಬಂಗಾಳದ ಮುರ್ಷಿದಾಬಾದಿನಲ್ಲಿ ಪಾಕಿಸ್ತಾನದ ಧ್ವಜವೂ ಖುಲ್ನಾದಲ್ಲಿ ಭಾರತದ ಧ್ವಜವೂ ಹಾರುತ್ತಿದ್ದವು. ಎರಡೇ ದಿನಗಳಲ್ಲಿ ಎರಡನ್ನೂ ಇಳಿಸಬೇಕಾಯಿತು. ಕನ್ನಡ ನಾಡಿನಲ್ಲಿಯೂ ಸಂತೋಷವು ಎಲ್ಲೆಡೆ ಸಮವಾಗಿರಲಿಲ್ಲ. ಮೈಸೂರಿನ ಜನರು ಜವಾಬ್ದಾರಿ ಸರ್ಕಾರಕ್ಕಾಗಿ ಅಕ್ಟೋಬರಿನವರೆಗೆ ಹೋರಾಡಬೇಕಾಯಿತು. ನಿಜಾಮನ ಅಧೀನದಲ್ಲಿದ್ದ ಬೀದರ, ಕಲಬುರ್ಗಿ, ರಾಯಚೂರುಗಳ ಜನರಿಗೆ ಬಿಡುಗಡೆಯ ದಿನವೆಂದರೆ 1948ರ ಸೆಪ್ಟೆಂಬರ್ 17. ನೆರೆಯವರು ಹಬ್ಬ ಮಾಡುವಾಗ ಅವರು ಇನ್ನೂ ಒಂದು ವರ್ಷಕ್ಕೂ ಮಿಕ್ಕಿ ಕಾಯುತ್ತಿದ್ದರು.

ಈ ಋಣವನ್ನು ಅರಿತು ಆ ದಿನವನ್ನು ಕಳೆದವರು ಗಾಂಧೀಜಿ. ಅವರು ದಿಲ್ಲಿಯ ಉತ್ಸವಕ್ಕೆ ಹೋಗದೆ, ಕಲ್ಕತ್ತೆಯ ಬೇಲಿಯಾಘಾಟದ ಒಂದು ಮನೆಯಲ್ಲಿ ಸುಹ್ರಾವರ್ದಿಯವರೊಡನಿದ್ದು ಉಪವಾಸ, ಪ್ರಾರ್ಥನೆ, ನೂಲುವಿಕೆಗಳಲ್ಲಿ ದಿನವನ್ನು ಕಳೆದರು. ಅವರೊಡನೆ ಸೆರೆಯಲ್ಲಿದ್ದ ಮಹಾದೇವ ದೇಸಾಯಿಯವರು ಆಗಾಖಾನ್ ಅರಮನೆಯಲ್ಲಿ ತೀರಿಕೊಂಡುದು 1942ರ ಅದೇ ಆಗಸ್ಟ್ 15ರಂದು. ಹಿಂದಿನ ವರ್ಷದ ಆಗಸ್ಟ್ 16ರಂದು ಅದೇ ಕಲ್ಕತ್ತೆಯಲ್ಲಿ ಭಯಂಕರವಾದ ಹತ್ಯಾಕಾಂಡವು ಮೊದಲಾಗಿದ್ದಿತು. ಈಗ ಹಿಂದೂಗಳೂ ಮುಸಲ್ಮಾನರೂ ಬೀದಿಗಳಲ್ಲಿ ಪರಸ್ಪರ ಆಲಿಂಗಿಸಿದರು. ಇದು ದಿನದ ಮಹಿಮೆಯೆಂದು ಹೇಳಲು ಬರುವಂತಿಲ್ಲ. ಆ ತಿಂಗಳು ಮುಗಿಯುವುದರೊಳಗೇ ಗಲಭೆಯು ಮತ್ತೆ ಎದ್ದಿತು. ಸೆಪ್ಟೆಂಬರ್ 1ರಿಂದ 4ರವರೆಗೆ ಗಾಂಧೀಜಿಯವರು ಉಪವಾಸವಿದ್ದ ಬಳಿಕ, ನಾಯಕರು ಮಾತುಕೊಟ್ಟ ಮೇಲೆಯೇ ನಗರವು ಶಾಂತವಾಯಿತು. ದಿನವು ತಂದ ಸ್ನೇಹವನ್ನು ಉಳಿಸಲು ದಿನಕ್ಕೆ ಶಕ್ತಿಯಿರಲಿಲ್ಲ. ಮನುಷ್ಯನು ತನ್ನ ದೇಹವನ್ನು ಪಣವಾಗಿ ಒಡ್ಡಬೇಕಾಯಿತು.

ಆದುದರಿಂದ ಒಂದೇ ತಾರೀಖಿನ ಸಂಗತಿಗಳನ್ನು ಕೂಡಿಸಿಟ್ಟ ಪಟ್ಟಿಯು ಹುರುಳಿಲ್ಲದ್ದಲ್ಲ. ಆದರೆ ದಿನದಲ್ಲಿ ಅಡಗಿದ ಯಾವುದೋ ರಹಸ್ಯವನ್ನು ಅದು ಬಿಡಿಸದು. ತಾನು ಹಣತೆ ಹಚ್ಚುವ ದಿನವೇ ಮತ್ತೊಬ್ಬನ ಮನೆಯಲ್ಲಿ ಶೋಕದ ದಿನವಾಗಿರಬಹುದೆಂಬುದನ್ನು ಅದು ಓದುವವನಿಗೆ ನೆನಪುಮಾಡಿಕೊಡುತ್ತದೆ. ಅದನ್ನರಿತು ಆಚರಿಸುವವನ ಹಬ್ಬವು ಕಿರಿದಾಗುವುದಿಲ್ಲ. ಅದರಲ್ಲಿ ಇನ್ನೊಬ್ಬನಿಗೂ ಎಡೆಯುಂಟಾಗುತ್ತದೆ.