ತಡೆದು ನಿಲ್ಲಿಸಿದಾಗ ಕೊಟ್ಟ ಒಪ್ಪಿಗೆ

ರಸ್ತೆಗೆ ಬ್ಯಾರಿಕೇಡ್ ಅಡ್ಡವಿಟ್ಟು ವಾಹನಗಳನ್ನು ತಡೆಯುವ ಪೊಲೀಸರು ಚಾಲಕನಿಗೆ ಆಡುವ ಮಾತುಗಳಲ್ಲಿ ಎರಡು ಬಗೆಯಿವೆ. ಗಾಡಿ ನಿಲ್ಲಿಸಿ, ಲೈಸೆನ್ಸ್ ತೋರಿಸಿ ಎಂಬುದು ಆಜ್ಞೆ. ಡಿಕ್ಕಿ ತೆಗೆದು ನೋಡಬಹುದೇ ಎಂಬುದು ಕೋರಿಕೆ. ಆಜ್ಞೆಯನ್ನು ಮೀರಿದರೆ ಶಿಕ್ಷೆ ಇದೆ, ಕೋರಿಕೆಯನ್ನು ನಿರಾಕರಿಸಿದರೆ ಇಲ್ಲ. ಆದರೆ ಎರಡೂ ಬರುವುದು ಒಂದೇ ಬಾಯಿಂದ, ಒಂದೇ ದನಿಯಲ್ಲಿ. ಚಾಲಕ ‘ಆಯ್ತು, ನೋಡಿ’ ಎಂದಾಗ ಅವನು ಒಪ್ಪಿದನೋ ಅಥವಾ ಬರೀ ಮಣಿದನೋ? ಇದು ಕಾನೂನಿನ ಪ್ರಶ್ನೆಯಾಗುವ ಮೊದಲೇ ತತ್ತ್ವಶಾಸ್ತ್ರದ ಪ್ರಶ್ನೆ. ಇದನ್ನು ದೀರ್ಘಕಾಲ, ಪ್ರಕರಣದ ಮೇಲೆ ಪ್ರಕರಣದಲ್ಲಿ ಚರ್ಚಿಸಿರುವುದು ಅಮೆರಿಕದ ನ್ಯಾಯಾಲಯಗಳು.

ಆ ದೇಶದ ಸಂವಿಧಾನದ ನಾಲ್ಕನೆಯ ತಿದ್ದುಪಡಿ 1791ರಲ್ಲಿ ಅಂಗೀಕಾರವಾಯಿತು. ಅದರ ಹಿಂದೆ ವಸಾಹತು ಕಾಲದ ಕಹಿ ಅನುಭವವಿತ್ತು. ಬ್ರಿಟಿಷ್ ಸುಂಕದ ಅಧಿಕಾರಿಗಳ ಕೈಯಲ್ಲಿ ಇಂಥವರ ಮನೆ, ಇಂಥ ಮಾಲು ಎಂದು ನಮೂದಿಸದ ಶೋಧಪತ್ರಗಳಿದ್ದವು. ಅವನ್ನು ಹಿಡಿದು ಯಾವ ಮನೆಗಾದರೂ ಯಾವ ಗೋದಾಮಿಗಾದರೂ ನುಗ್ಗಬಹುದಿತ್ತು. 1761ರಲ್ಲಿ ಬಾಸ್ಟನ್ನಿನ ವಕೀಲ ಜೇಮ್ಸ್ ಓಟಿಸ್ ಇವುಗಳ ವಿರುದ್ಧ ವಾದಿಸಿ ಸೋತ. ಆದರೆ ಆ ವಾದ ಜನರ ಮನಸ್ಸಿನಲ್ಲಿ ಉಳಿಯಿತು. ಕಾರಣವಿಲ್ಲದೆ ಶೋಧ ಕೂಡದು, ಕಾರಣ ಸಾಕೇ ಎಂದು ತೂಗಬೇಕಾದವರು ಶೋಧಿಸುವವರಲ್ಲ, ನ್ಯಾಯಾಧೀಶರು ಎಂಬುದು ತಿದ್ದುಪಡಿಯ ತಿರುಳು. ಕಾರು ಬಂದ ಮೇಲೆ ಈ ಕಟ್ಟು ಸಡಿಲವಾಯಿತು. ಪಾನನಿಷೇಧದ ದಿನಗಳಲ್ಲಿ ಮಿಷಿಗನ್ನಿನ ಹೆದ್ದಾರಿಯಲ್ಲಿ ಕಾರೊಂದರ ಸೀಟಿನ ಮೆತ್ತೆ ಹರಿದು ಮದ್ಯದ ಬಾಟಲಿಗಳನ್ನು ಹೊರತೆಗೆದ ಪ್ರಕರಣದಲ್ಲಿ, 1925ರ ಕ್ಯಾರೊಲ್ ತೀರ್ಪು, ಬಲವಾದ ಆಧಾರವಿದ್ದರೆ ವಾಹನದ ಶೋಧಕ್ಕೆ ವಾರಂಟ್ ಬೇಡ ಎಂದಿತು. ವಾರಂಟ್ ತರುವಷ್ಟರಲ್ಲಿ ಕಾರು ಊರು ದಾಟಿರುತ್ತದೆ ಎಂಬುದು ಅದರ ತರ್ಕ. ಅಂಥ ಆಧಾರವೂ ಇಲ್ಲದ ಕಡೆ ಪೊಲೀಸರಿಗೆ ಬಹುಮಟ್ಟಿಗೆ ಉಳಿಯುವ ದಾರಿ ಚಾಲಕನ ಒಪ್ಪಿಗೆ.

ಯಾವ ಅನುಮಾನವೂ ಇಲ್ಲದೆ ವಾಹನವನ್ನು ತಡೆಯುವುದೇ ಸರಿಯೇ ಎಂಬುದನ್ನು ಮೊದಲು ನೋಡಬೇಕು. ಗಸ್ತಿನ ಪೊಲೀಸ್ ತನಗೆ ತೋಚಿದ ಕಾರನ್ನು ಲೈಸೆನ್ಸ್ ನೋಡುವ ನೆಪದಲ್ಲಿ ನಿಲ್ಲಿಸುವಂತಿಲ್ಲ ಎಂದು 1979ರಲ್ಲಿ ಡೆಲವೇರ್ ರಾಜ್ಯದ ಪ್ರಕರಣವೊಂದರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತು. ಎಲ್ಲರನ್ನೂ ಒಂದೇ ನಿಯಮದಂತೆ ತಡೆದರೆ ಬೇರೆ ಮಾತು. ಮಿಷಿಗನ್ನಿನ ಸ್ಯಾಗಿನಾ ಕೌಂಟಿಯಲ್ಲಿ ಕುಡಿದು ಓಡಿಸುವವರನ್ನು ಹಿಡಿಯಲು ಹಾಕಿದ ತಪಾಸಣಾ ಕೇಂದ್ರದಲ್ಲಿ 126 ವಾಹನಗಳನ್ನು ತಡೆಯಲಾಯಿತು. ಪ್ರತಿ ವಾಹನ ಸರಾಸರಿ 25 ಸೆಕೆಂಡು ನಿಂತಿತು, ಇಬ್ಬರ ಬಂಧನವಾಯಿತು. 1990ರಲ್ಲಿ ಕೋರ್ಟು ಇದನ್ನು 6–3ರಿಂದ ಎತ್ತಿಹಿಡಿಯಿತು. ಹತ್ತು ವರ್ಷಗಳ ನಂತರ ಬಂದದ್ದು ಇಂಡಿಯಾನಾಪೊಲಿಸ್ ನಗರದ ಪ್ರಕರಣ. ಮಾದಕ ವಸ್ತು ಹುಡುಕಲು ಅಲ್ಲಿನ ಪೊಲೀಸರು 1998ರಲ್ಲಿ 1,161 ವಾಹನಗಳನ್ನು ತಡೆದು 104 ಮಂದಿಯನ್ನು ಬಂಧಿಸಿದ್ದರು. ಫಲಿತಾಂಶವೇ ಅಳತೆಗೋಲಾದರೆ ಇದು ಸ್ಯಾಗಿನಾಗಿಂತ ಹಲವು ಪಟ್ಟು ‘ಯಶಸ್ವಿ’. ಕೋರ್ಟು ಮಾತ್ರ ಇದನ್ನು ಸಂವಿಧಾನಬಾಹಿರ ಎಂದಿತು.

ಈ ಎರಡು ತೀರ್ಪುಗಳ ನಡುವಿನ ಅಂತರದಲ್ಲಿ ವಿಷಯದ ಜೀವಾಳವಿದೆ. ಕುಡಿದ ಚಾಲಕ ಆ ಕ್ಷಣದಲ್ಲಿ, ಅದೇ ರಸ್ತೆಯಲ್ಲಿ ಇತರರ ಪ್ರಾಣಕ್ಕೆ ಅಪಾಯ. ಮಾದಕ ವಸ್ತುವಿನ ಸಾಗಣೆ ಸಾಮಾನ್ಯ ಅಪರಾಧ, ಅದಕ್ಕೂ ರಸ್ತೆಗೂ ನೇರ ನಂಟಿಲ್ಲ. ಸಾಮಾನ್ಯ ಅಪರಾಧವನ್ನು ಪತ್ತೆಹಚ್ಚಲೆಂದು ಎಲ್ಲರನ್ನೂ ತಡೆಯಬಹುದಾದರೆ ಹೆದ್ದಾರಿಯಲ್ಲೇ ಯಾಕೆ, ಮನೆಯ ಬಾಗಿಲಲ್ಲೂ ತಡೆಯಬಹುದು. ಹೆಚ್ಚು ಜನರಿಗೆ ಹೆಚ್ಚು ಹಿತವಾದರೆ ಸಾಕು ಎನ್ನುವ ಉಪಯುಕ್ತತಾವಾದ ಇಲ್ಲಿ ಮುಗ್ಗರಿಸುತ್ತದೆ. ಅದರ ಲೆಕ್ಕದಲ್ಲಿ ಬಂಧಿತರ ಸಂಖ್ಯೆ ಲಾಭ, ಉಳಿದ ಸಾವಿರಕ್ಕೂ ಹೆಚ್ಚು ನಿರಪರಾಧಿಗಳ ಕೆಲವು ನಿಮಿಷ ಸಣ್ಣ ವೆಚ್ಚ. ಮನುಷ್ಯನನ್ನು ಕೇವಲ ಸಾಧನವಾಗಿ ಬಳಸಕೂಡದೆಂದ ಕಾಂಟ್‌ನ ದೃಷ್ಟಿಯಿಂದ ನೋಡಿದರೆ ನಷ್ಟ ನಿಮಿಷಗಳದ್ದಲ್ಲ. ಏನೂ ಮಾಡದವನನ್ನು ಅನುಮಾನಿತರ ಸಾಲಿನಲ್ಲಿ ನಿಲ್ಲಿಸಿದ್ದೇ ನಷ್ಟ.

ಸಮ್ಮತಿಯ ವಿಷಯದಲ್ಲಿ ರಸ್ತೆಯ ಉದಾಹರಣೆ ತತ್ತ್ವಶಾಸ್ತ್ರಕ್ಕೆ ಹೊಸದೇನಲ್ಲ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಜಾನ್ ಲಾಕ್, ಒಂದು ರಾಜ್ಯದ ಹೆದ್ದಾರಿಯಲ್ಲಿ ಸುಮ್ಮನೆ ಪ್ರಯಾಣ ಮಾಡುವವನೂ ಆ ರಾಜ್ಯದ ಆಳ್ವಿಕೆಗೆ ಮೌನವಾಗಿ ಸಮ್ಮತಿಸಿದಂತೆ ಎಂದು ವಾದಿಸಿದ. 1748ರಲ್ಲಿ ಡೇವಿಡ್ ಹ್ಯೂಮ್ ಇದಕ್ಕೆ ಕೊಟ್ಟ ಉತ್ತರ ಕಠಿಣವಾಗಿತ್ತು. ನಿದ್ದೆಯಲ್ಲಿದ್ದವನನ್ನು ಹಡಗಿಗೆ ಹೊತ್ತು ತಂದಿದ್ದಾರೆ, ಬಿಟ್ಟುಹೋಗಬೇಕಾದರೆ ಸಮುದ್ರಕ್ಕೆ ಹಾರಿ ಸಾಯಬೇಕು. ಅವನು ಹಡಗಿನಲ್ಲಿ ಉಳಿದ ಮಾತ್ರಕ್ಕೆ ಕಪ್ತಾನನ ಅಧಿಕಾರವನ್ನು ಒಪ್ಪಿದಂತಾಗುತ್ತದೆಯೇ? ಅಮೆರಿಕದ ರಾಜ್ಯಗಳು ಲಾಕ್‌ನ ಹಾದಿ ಹಿಡಿದವು. 1953ರಲ್ಲಿ ನ್ಯೂಯಾರ್ಕ್ ಶುರುಮಾಡಿದ ಕಾನೂನಿನ ಪ್ರಕಾರ, ರಸ್ತೆಯಲ್ಲಿ ವಾಹನ ಓಡಿಸುವವನು ಮದ್ಯಪಾನದ ಪರೀಕ್ಷೆಗೆ ಆಗಲೇ ಒಪ್ಪಿದಂತೆ. ಬೇರೆ ರಾಜ್ಯಗಳೂ ಇದನ್ನೇ ಅನುಸರಿಸಿದವು. 2016ರಲ್ಲಿ ಸುಪ್ರೀಂ ಕೋರ್ಟು ಇದಕ್ಕೊಂದು ಎಲ್ಲೆ ಹಾಕಿತು: ಬಂಧಿತ ಚಾಲಕನ ಉಸಿರಿನ ಪರೀಕ್ಷೆಗೆ ವಾರಂಟ್ ಬೇಡ, ಆದರೆ ವಾರಂಟ್ ಇಲ್ಲದೆ ರಕ್ತ ಕೊಡಲೊಪ್ಪದ್ದನ್ನೇ ಅಪರಾಧವೆನ್ನುವಂತಿಲ್ಲ. ಕಾರಿಲ್ಲದೆ ಕೆಲಸಕ್ಕೆ ಹೋಗಲಾಗದ ದೇಶದಲ್ಲಿ ಸ್ಟಿಯರಿಂಗ್ ಹಿಡಿದದ್ದನ್ನೇ ಸಮ್ಮತಿ ಎನ್ನುವುದಾದರೆ ಹ್ಯೂಮನ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿಲ್ಲ.

ಬಾಯಿಬಿಟ್ಟು ಕೊಟ್ಟ ಒಪ್ಪಿಗೆಯ ಕತೆ ಇದಕ್ಕಿಂತ ತೊಡಕಿನದು. 1973ರ ಷ್ನೆಕ್ಲಾತ್ ತೀರ್ಪು ಇಲ್ಲಿ ಮುಖ್ಯ. ಕ್ಯಾಲಿಫೋರ್ನಿಯಾದಲ್ಲಿ ನಡುರಾತ್ರಿ ದಾಟಿದ ಹೊತ್ತು, ಹೆಡ್‌ಲೈಟ್ ಉರಿಯದ ಕಾರೊಂದನ್ನು ತಡೆಯಲಾಯಿತು. ಒಳಗಿದ್ದ ಆರು ಮಂದಿಯಲ್ಲಿ ಒಬ್ಬ ಶೋಧಕ್ಕೆ ಒಪ್ಪಿದ, ಹಿಂದಿನ ಸೀಟಿನಡಿ ಕದ್ದ ಚೆಕ್ಕುಗಳು ಸಿಕ್ಕವು. ಬೇಡ ಎನ್ನಬಹುದೆಂದು ಅವನಿಗೆ ಪೊಲೀಸರು ಹೇಳಿರಲಿಲ್ಲ. ಬಲವಂತವಿಲ್ಲದಿದ್ದರೆ ಸಾಕು, ಹಕ್ಕಿನ ಅರಿವು ಇರಲೇಬೇಕೆಂದಿಲ್ಲ, ಪ್ರತಿಸಲ ತಿಳಿಸುತ್ತ ಕೂರುವುದು ಕಾರ್ಯಸಾಧ್ಯವಲ್ಲ ಎಂದು ಬಹುಮತ ತೀರ್ಮಾನಿಸಿತು. ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್ ಭಿನ್ನ ತೀರ್ಪು ಬರೆದರು. ಬೇರೆ ಆಯ್ಕೆ ಇದೆಯೆಂದೇ ಗೊತ್ತಿಲ್ಲದವನು ಮಾಡಿದ್ದನ್ನು ಆಯ್ಕೆ ಎನ್ನುವುದು ಹೇಗೆ ಎಂಬುದು ಅವರ ಪ್ರಶ್ನೆ. ಬಹುಮತ ಹೇಳುವ ಕಾರ್ಯಸಾಧ್ಯತೆ ಕೊನೆಗೆ ಜನರ ಅಜ್ಞಾನದ ಲಾಭ ಪಡೆಯುವ ಅನುಕೂಲವಾಗುತ್ತದೆ ಎಂಬುದು ಅವರ ಆಕ್ಷೇಪ. ಐವತ್ತು ವರ್ಷಗಳ ನಂತರವೂ ಮಾರ್ಷಲ್ ಅವರ ವಾದಕ್ಕೆ ತೃಪ್ತಿಕರ ಉತ್ತರ ಬಂದಿಲ್ಲ. 1996ರಲ್ಲಿ ಕೋರ್ಟು ಇನ್ನೂ ಮುಂದೆ ಹೋಗಿ, ತಡೆಯ ಕೆಲಸ ಮುಗಿದ ಮೇಲೆ ‘ನೀವಿನ್ನು ಹೊರಡಬಹುದು’ ಎಂದು ಹೇಳಿಯೇ ಒಪ್ಪಿಗೆ ಕೇಳಬೇಕೆಂದಿಲ್ಲ ಎಂದಿತು.

ಒಪ್ಪಿಗೆ ಎಷ್ಟು ಸುಲಭವಾಗಿ ಸಿಗುತ್ತದೆಂಬುದನ್ನು ರೊಸಾನಾ ಸೋಮರ್ಸ್ ಮತ್ತು ವನೆಸಾ ಬೋನ್ಸ್ 2019ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಪ್ರಯೋಗಾಲಯಕ್ಕೆ ಬಂದವರ ಮೊಬೈಲನ್ನು ತೆರೆದು ಕೊಡುವಂತೆ ಕೇಳಿದರೆ 100ರಲ್ಲಿ 90ಕ್ಕೂ ಹೆಚ್ಚು ಮಂದಿ ಕೊಟ್ಟರು. ಅದೇ ಸನ್ನಿವೇಶವನ್ನು ಕಲ್ಪಿಸಿಕೊಂಡು ಉತ್ತರಿಸಿದವರಲ್ಲಿ ಬಹುಪಾಲು ಮಂದಿ, ತಾವಾಗಿದ್ದರೆ ಕೊಡುತ್ತಿರಲಿಲ್ಲ ಎಂದಿದ್ದರು. ಕೇಳಿದವರು ಅಲ್ಲಿ ಸಂಶೋಧಕರು, ಸೊಂಟದಲ್ಲಿ ಪಿಸ್ತೂಲಿಲ್ಲದವರು. ಪೀಠದ ಮೇಲೆ ಕುಳಿತು ‘ವಿವೇಕಿ ವ್ಯಕ್ತಿ ನಿರಾಕರಿಸಬಹುದಿತ್ತು’ ಎಂದು ಊಹಿಸುವುದಕ್ಕೂ ರಸ್ತೆಬದಿಯಲ್ಲಿ, ಮುಖಕ್ಕೆ ಟಾರ್ಚ್ ಬಿದ್ದಾಗ ‘ಬೇಡ’ ಎನ್ನುವುದಕ್ಕೂ ಇರುವ ದೂರ ಇದು.

ಮುಚ್ಚಿಡುವಂಥದ್ದು ಏನೂ ಇಲ್ಲದಿದ್ದರೆ ಅಂಜಿಕೆ ಯಾಕೆ ಎಂಬ ಮಾತು ಎಲ್ಲ ದೇಶಗಳಲ್ಲೂ ಕೇಳಿಬರುತ್ತದೆ. ಚಿಂತಕ ಬೆಂಥಮ್ ಕೂಡ, ನಿರಪರಾಧಿ ಮಾತಾಡಲು ಬಯಸುತ್ತಾನೆ, ಮೌನದ ಆಸರೆ ಬೇಕಾದ್ದು ಅಪರಾಧಿಗೆ ಎಂಬ ಧಾಟಿಯಲ್ಲಿ ವಾದಿಸಿದ್ದ. ಈ ವಾದದಲ್ಲಿ ಎರಡು ದೋಷಗಳಿವೆ. ಕಾರಿನಲ್ಲಿ ಔಷಧಿ ಇರುತ್ತದೆ, ಡೈರಿ ಇರುತ್ತದೆ, ಹೆಂಗಸರ ಬಟ್ಟೆಬರೆ ಇರುತ್ತವೆ. ಇವು ಅಪರಾಧದ ಕುರುಹುಗಳಲ್ಲ, ಆದರೂ ಅಪರಿಚಿತರ ಕೈ ಆಡಿಸುವ ವಸ್ತುಗಳೂ ಅಲ್ಲ. ಎರಡನೆಯದು ಹೆಚ್ಚು ಆಳದ್ದು. ನಿರಪರಾಧಿಗಳೆಲ್ಲ ತಲೆಯಾಡಿಸಿದರೆ ನಿರಾಕರಿಸುವವರು ಅಪರಾಧಿಗಳಷ್ಟೇ ಆಗುತ್ತಾರೆ. ಆಗ ‘ಬೇಡ’ ಎಂಬ ಮಾತೇ ಸಾಕ್ಷ್ಯವಾಗಿ, ಹಕ್ಕು ಹೆಸರಿಗಷ್ಟೇ ಉಳಿಯುತ್ತದೆ. ಹಾಗಾಗಿ ಏನೂ ತಪ್ಪು ಮಾಡದವನು ಸೌಜನ್ಯದಿಂದ ಹೇಳುವ ‘ಬೇಡ’ ಅವನೊಬ್ಬನ ಹಟವಲ್ಲ, ಉಳಿದವರ ಹಕ್ಕಿನ ರಕ್ಷಣೆ ಕೂಡ. ನಿರಾಕರಣೆಯೊಂದರಿಂದಲೇ ಅನುಮಾನಕ್ಕೆ ಆಧಾರ ಹುಟ್ಟದು ಎಂದು ಅಮೆರಿಕದ ಕೋರ್ಟು 1991ರಲ್ಲಿ ಸ್ಪಷ್ಟಪಡಿಸಿದೆ. ಸಂಚಾರ ನಿಯಮದ ಕೆಲಸ ಮುಗಿದ ಮೇಲೆ, ಆಧಾರವಿಲ್ಲದೆ, ಪೊಲೀಸ್ ನಾಯಿಯಿಂದ ಮೂಸಿಸಲೆಂದು ಚಾಲಕನನ್ನು ಕಾಯಿಸುವಂತಿಲ್ಲ ಎಂದು 2015ರಲ್ಲಿ ಹೇಳಿದೆ.

ಭಾರತದ ಸಂವಿಧಾನದಲ್ಲಿ ನಾಲ್ಕನೆಯ ತಿದ್ದುಪಡಿಗೆ ಸಮನಾದ ವಿಧಿಯಿಲ್ಲ. 1954ರಲ್ಲಿ ಸುಪ್ರೀಂ ಕೋರ್ಟಿನ ಎಂಟು ನ್ಯಾಯಮೂರ್ತಿಗಳ ಪೀಠ ಅದನ್ನೇ ಎತ್ತಿ ತೋರಿಸಿ ಖಾಸಗಿತನದ ವಾದವನ್ನು ಒಪ್ಪಲಿಲ್ಲ. ಆ ನಿಲುವು ಬದಲಾಗಿದ್ದು 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ದಾವೆಯಲ್ಲಿ. ಆದರೂ ರಸ್ತೆಯ ಮೇಲೆ ಚಾಲಕನ ನೆಲೆ ದುರ್ಬಲವೇ. 1988ರ ಮೋಟಾರು ವಾಹನ ಕಾಯ್ದೆಯ 205ನೆಯ ಕಲಮಿನಂತೆ ಉಸಿರಿನ ಅಥವಾ ರಕ್ತದ ಪರೀಕ್ಷೆಯನ್ನು ಸಕಾರಣವಿಲ್ಲದೆ ನಿರಾಕರಿಸಿದ್ದನ್ನು ಆರೋಪಕ್ಕೆ ಪೂರಕವೆಂದು ಭಾವಿಸಬಹುದು. ನಿಯಮ ಮೀರಿದ ಶೋಧದಲ್ಲಿ ಸಿಕ್ಕ ವಸ್ತುವನ್ನೂ ಸಾಕ್ಷ್ಯವಾಗಿ ಸ್ವೀಕರಿಸಲು 1973ರ ಪೂರಣ್ ಮಲ್ ತೀರ್ಪು ದಾರಿ ಮಾಡಿದೆ. ಇಷ್ಟರ ನಡುವೆ 1985ರ ಮಾದಕ ವಸ್ತು ಕಾಯ್ದೆಯ 50ನೆಯ ಕಲಮು ಗಮನಾರ್ಹ. ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಎದುರೇ ತನ್ನ ಮೈ ಶೋಧಿಸಬೇಕೆಂದು ಕೇಳುವ ಹಕ್ಕು ಅನುಮಾನಿತನಿಗಿದೆ, ಅದನ್ನು ಪೊಲೀಸರು ಅವನಿಗೆ ಮೊದಲೇ ತಿಳಿಸಲೇಬೇಕು. ಇದು ಮೈ ಶೋಧಕ್ಕಷ್ಟೇ ಸೀಮಿತ, ಚೀಲಕ್ಕೂ ವಾಹನಕ್ಕೂ ಅನ್ವಯಿಸದು. ಹಾಗಿದ್ದರೂ, ಕಾರ್ಯಸಾಧ್ಯವಲ್ಲವೆಂದು ಅಮೆರಿಕದ ಕೋರ್ಟು ಕೈಬಿಟ್ಟ ‘ಹಕ್ಕನ್ನು ತಿಳಿಸಿ ಕೇಳು’ ಎಂಬ ನಿಯಮ ಇಲ್ಲಿ ದಶಕಗಳಿಂದ ಜಾರಿಯಲ್ಲಿದೆ.

ಅಮೆರಿಕದೊಳಗೇ ಇದಕ್ಕೆ ನಿದರ್ಶನವುಂಟು. ಒಪ್ಪಿದವನಿಗೆ ನಿರಾಕರಿಸುವ ಹಕ್ಕು ಗೊತ್ತಿತ್ತೆಂದು ಸರ್ಕಾರವೇ ಸಾಬೀತುಪಡಿಸಬೇಕೆಂದು ನ್ಯೂಜೆರ್ಸಿಯ ಸುಪ್ರೀಂ ಕೋರ್ಟ್ 1975ರಲ್ಲಿ ತನ್ನ ರಾಜ್ಯದ ಸಂವಿಧಾನದಡಿ ತೀರ್ಪಿತ್ತಿತು. ತನ್ನ ಹೆದ್ದಾರಿಗಳಲ್ಲಿ ಪೊಲೀಸರು ಜನರ ಬಣ್ಣ ನೋಡಿ ತಡೆಯುತ್ತಿದ್ದುದು ನಿಜವೆಂದು ಆ ರಾಜ್ಯ 1999ರಲ್ಲಿ ಒಪ್ಪಿಕೊಳ್ಳಬೇಕಾಯಿತು. 2002ರಲ್ಲಿ ಅಲ್ಲಿನ ಕೋರ್ಟು, ಸಂಚಾರ ತಡೆಯಲ್ಲಿ ಒಪ್ಪಿಗೆ ಕೇಳುವುದಕ್ಕೂ ಸಕಾರಣವಾದ ಅನುಮಾನ ಇರಬೇಕೆಂದು ವಿಧಿಸಿತು. ಷ್ನೆಕ್ಲಾತ್ ಪೀಠ ಅಸಾಧ್ಯವೆಂದು ತಳ್ಳಿಹಾಕಿದ್ದು ಈ ರಾಜ್ಯದಲ್ಲಿ ನಡೆಯುತ್ತಿದೆ, ಉಳಿದೆಡೆಯೂ ಅದೇ ಕಾನೂನಾಗಬೇಕು.