ಶೌರ್ಯಕ್ಕೆ ಸಾಕ್ಷಿ ಹೇಳುವವರು ಯಾರು?

ಧೈರ್ಯ ಒಂದು ಸದ್ಗುಣವೇ? ಈ ಪ್ರಶ್ನೆಗೆ ನಾವು ತಡಮಾಡದೆ ಹೌದೆನ್ನುತ್ತೇವೆ. ಆದರೆ ಯಾರ ವಿರುದ್ಧ, ಯಾವ ಉದ್ದೇಶಕ್ಕಾಗಿ ತೋರಿದ ಧೈರ್ಯ ಎಂದು ಮರುಪ್ರಶ್ನೆ ಬಂದರೆ ಉತ್ತರ ಅಷ್ಟು ಸುಲಭವಲ್ಲ. ಇಟಲಿ ಸೇನೆಯ 'ಪೊಜ್ಜುವೊಲೊ ದೆಲ್ ಫ್ರಿಯುಲಿ' ಎಂಬ ಅಶ್ವದಳ ಬ್ರಿಗೇಡಿನ ಚರಿತ್ರೆಯನ್ನು ನೋಡಿದಾಗ ಈ ಪ್ರಶ್ನೆ ನಮ್ಮೆದುರು ನಿಲ್ಲುತ್ತದೆ.

ಪೊಜ್ಜುವೊಲೊ ಈಶಾನ್ಯ ಇಟಲಿಯ ಒಂದು ಚಿಕ್ಕ ಊರು. ಮೊದಲ ಮಹಾಯುದ್ಧದಲ್ಲಿ, 1917ರ ಅಕ್ಟೋಬರ್ 24ರಂದು ಆಸ್ಟ್ರಿಯಾ ಮತ್ತು ಜರ್ಮನಿಯ ಪಡೆಗಳು ಕ್ಯಾಪೊರೆಟ್ಟೊ ಬಳಿ ಇಟಲಿಯ ರಕ್ಷಣಾ ಸಾಲನ್ನು ಮುರಿದವು. ಎರಡೂವರೆ ಲಕ್ಷಕ್ಕೂ ಹೆಚ್ಚು ಇಟಾಲಿಯನ್ ಸೈನಿಕರು ಸೆರೆಯಾದರು. ಉಳಿದವರು ತಾಲಿಯಮೆಂತೊ ನದಿಯತ್ತ ಹಿಂದೆ ಸರಿಯತೊಡಗಿದರು. ಅವರಿಗೆ ನದಿ ದಾಟಲು ಸಮಯ ಸಿಗಲೆಂದು ಅಕ್ಟೋಬರ್ 29 ಮತ್ತು 30ರಂದು 'ಜೆನೋವಾ' ಮತ್ತು 'ನೊವಾರಾ' ಎಂಬ ಎರಡು ಅಶ್ವ ರೆಜಿಮೆಂಟುಗಳು ಪದಾತಿ ದಳದೊಂದಿಗೆ ಈ ಊರಿನಲ್ಲಿ ಶತ್ರುವನ್ನು ತಡೆದು ನಿಂತವು. ಮೆಷಿನ್‌ಗನ್ನುಗಳ ಎದುರು ಕುದುರೆಗಳು! ಬಹಳಷ್ಟು ಸವಾರರು ಮರಳಿ ಬರಲಿಲ್ಲ. 1950ರ ದಶಕದಲ್ಲಿ ಸ್ಥಾಪನೆಯಾದ ಅಶ್ವದಳ ಬ್ರಿಗೇಡಿಗೆ ಈ ಊರಿನ ಹೆಸರನ್ನೇ ಇಡಲಾಯಿತು. ಇಂದು ಅದರಲ್ಲಿ ಕುದುರೆಗಳ ಜಾಗದಲ್ಲಿ ಕವಚ ವಾಹನಗಳಿವೆ. ಹೆಸರು ಮಾತ್ರ ಹಾಗೆಯೇ ಇದೆ.

ಇತರರನ್ನು ಬದುಕಿಸಲು ತಾವು ಸತ್ತವರ ಬಗ್ಗೆ ನಮಗೆ ಗೌರವವಿದೆ. ಆದರೆ ಅದೇ ವಾರದ ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಅಕ್ಟೋಬರ್ 28ರ ಪ್ರಕಟಣೆಯಲ್ಲಿ ಮಹಾದಂಡನಾಯಕ ಲುಯಿಜಿ ಕದೋರ್ನಾ ಸೋಲಿನ ಹೊಣೆಯನ್ನು ಸೈನಿಕರ ಹೇಡಿತನದ ಮೇಲೆ ಹೊರಿಸಿದರು. ಯೋಜನೆ ಮಾಡಿದವರ ತಪ್ಪಿಗೆ ಓಡಿದವನು ಹೇಡಿಯಾದ, ನಿಂತು ಸತ್ತವನು ವೀರನಾದ. ವೀರರ ಸ್ಮಾರಕಗಳು ಎಷ್ಟೋ ಸಲ ಆಳುವವರ ತಪ್ಪನ್ನು ಮುಚ್ಚುವ ಪರದೆಗಳೂ ಆಗುತ್ತವೆ.

ಸಮುದ್ರದ ಆಚೆ ಇದೇ ಸೇನೆಗೆ ಇನ್ನೊಂದು ಮುಖವಿತ್ತು. 1911ರಲ್ಲಿ ಇಟಲಿ ಲಿಬಿಯಾದ ಮೇಲೆ ದಾಳಿ ಮಾಡಿತು. ಅಲ್ಲಿ ಸ್ಥಳೀಯರನ್ನೇ ಸೇರಿಸಿಕೊಂಡು 'ಸವಾರಿ' ಎಂಬ ಅಶ್ವದಳವನ್ನು ಕಟ್ಟಿತು. ನಮ್ಮ ಕನ್ನಡದ 'ಸವಾರ' ಎಂಬ ಪದ ಬಂದದ್ದೂ ಅದೇ ಪಾರ್ಸಿ ಮೂಲದಿಂದ. 1930ರ ನಂತರ ಪೂರ್ವ ಲಿಬಿಯಾದ ಸುಮಾರು ಒಂದು ಲಕ್ಷ ಜನರನ್ನು ಮನೆ ಬಿಡಿಸಿ ಮುಳ್ಳುತಂತಿಯ ಶಿಬಿರಗಳಿಗೆ ಅಟ್ಟಲಾಯಿತು. ಹಸಿವು ಮತ್ತು ರೋಗದಿಂದ ಹತ್ತಾರು ಸಾವಿರ ಮಂದಿ ಸತ್ತರು. ಕುರ್‌ಆನ್ ಶಿಕ್ಷಕರಾಗಿದ್ದ, ಎಪ್ಪತ್ತು ದಾಟಿದ ಉಮರ್ ಮುಖ್ತಾರ್‌ರನ್ನು 1931ರ ಸೆಪ್ಟೆಂಬರ್ 11ರಂದು ಹಿಡಿದದ್ದು ಇದೇ ಸವಾರರು. ಐದು ದಿನಗಳ ನಂತರ ಸಾವಿರಾರು ಜನರ ಕಣ್ಣೆದುರೇ ಅವರನ್ನು ಗಲ್ಲಿಗೇರಿಸಲಾಯಿತು. ಪೊಜ್ಜುವೊಲೊದಲ್ಲಿ ಹೋರಾಡಿದ ರೆಜಿಮೆಂಟುಗಳು ಇದನ್ನು ಮಾಡಿದವೆಂದು ನಾವು ಹೇಳುತ್ತಿಲ್ಲ. ಹಾಗೆ ಹೇಳುವುದು ಅನ್ಯಾಯ. ಆದರೆ ಧ್ವಜ ಒಂದೇ, ಸೇನೆ ಒಂದೇ.

ಆ ಸೇನೆಯ ದೇಶ ಇದನ್ನು ಹೇಗೆ ನೆನಪಿಟ್ಟುಕೊಂಡಿತು? ಮುಖ್ತಾರ್‌ರ ಬದುಕನ್ನು ಕುರಿತು 1981ರಲ್ಲಿ ಮುಸ್ತಫಾ ಅಕ್ಕಾದ್ ನಿರ್ದೇಶಿಸಿದ 'ಲಯನ್ ಆಫ್ ದಿ ಡೆಸರ್ಟ್' ಚಲನಚಿತ್ರವನ್ನು, ಸೇನೆಯ ಗೌರವಕ್ಕೆ ಧಕ್ಕೆ ತರುತ್ತದೆಂಬ ಕಾರಣ ನೀಡಿ 1982ರಲ್ಲಿ ಇಟಲಿಯಲ್ಲಿ ತಡೆಯಲಾಯಿತು. ಅದು ಅಲ್ಲಿನ ಟಿ.ವಿ.ಯಲ್ಲಿ ಪ್ರಸಾರವಾದದ್ದು 2009ರಲ್ಲಿ, ಇಟಲಿ ಲಿಬಿಯಾದ ಕ್ಷಮೆ ಕೋರಿ ಒಪ್ಪಂದ ಮಾಡಿಕೊಂಡ ಮರುವರ್ಷ. ಗೌರವಕ್ಕೆ ಧಕ್ಕೆ ತಂದದ್ದು ಶಿಬಿರಗಳೋ, ಅವುಗಳನ್ನು ತೋರಿಸಿದ ಚಿತ್ರವೋ?

ಕರ್ಮಗಳಿಗೆ ಬೆಲೆ ಬರುವುದು ಉದ್ದೇಶದಿಂದ ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಶೂರನೆನಿಸಿಕೊಳ್ಳಲೆಂದೇ ಹೋರಾಡಿದವನಿಗೆ ಪರಲೋಕದಲ್ಲಿ ಪಾಲಿಲ್ಲ. ಒಂದು ಜನಾಂಗದ ಮೇಲಿನ ದ್ವೇಷವೂ ನಮ್ಮನ್ನು ನ್ಯಾಯದಿಂದ ಸರಿಸಬಾರದೆಂಬುದು ಕುರ್‌ಆನಿನ ಆದೇಶ. ಮೊದಲನೆಯ ಮಾತು ಇಟಲಿಯವರಿಗೆ ಎಷ್ಟು ಅನ್ವಯಿಸುತ್ತದೋ ಎರಡನೆಯದು ನಮಗೆ ಅಷ್ಟೇ ಅನ್ವಯಿಸುತ್ತದೆ. ಲಿಬಿಯಾದ ನೋವಿನಿಂದಾಗಿ ಪೊಜ್ಜುವೊಲೊದ ತ್ಯಾಗವನ್ನು ಅಲ್ಲಗಳೆದರೆ ನಾವೂ ಅದೇ ಕುರುಡಿಗೆ ಬೀಳುತ್ತೇವೆ. ಹಾಗೆಯೇ ನಮ್ಮ ಸುಲ್ತಾನರ ಅಶ್ವದಳಗಳ ವಿಜಯಗಾಥೆಯನ್ನು ಹೇಳುವಾಗ, ಆ ಗೊರಸುಗಳ ಕೆಳಗೆ ಯಾರ ಹೊಲವಿತ್ತು ಎಂದು ಕೇಳುವ ಹೊಣೆಯೂ ನಮ್ಮದೇ.

ಈ ಬ್ರಿಗೇಡ್ 2004ರಲ್ಲಿ ಇರಾಕಿನ ನಾಸಿರಿಯಾದಲ್ಲಿತ್ತು. 2006ರ ಯುದ್ಧದ ನಂತರ ವಿಶ್ವಸಂಸ್ಥೆಯ ಶಾಂತಿಪಾಲನೆಗಾಗಿ ದಕ್ಷಿಣ ಲೆಬನಾನಿಗೂ ಹೋಯಿತು. ಅಲ್ಲಿ ಅದರ ಕೆಲಸ ಯಾರನ್ನೂ ಗೆಲ್ಲುವುದಾಗಿರಲಿಲ್ಲ. ಇಬ್ಬರ ನಡುವೆ ನಿಲ್ಲುವುದಾಗಿತ್ತು. ಅಂಥ ಕೆಲಸಕ್ಕೂ ಧೈರ್ಯ ಬೇಕು. ಒಂದು ಸೇನೆಯ ಶೌರ್ಯಕ್ಕೆ ಅದರ ಪದಕಗಳಷ್ಟೇ ಸಾಕ್ಷಿಯಾದರೆ ಸಾಲದು. ಅದು ಕಾಲಿಟ್ಟ ನೆಲದ ಬಡವರೂ ಅದರ ಪರವಾಗಿ ಸಾಕ್ಷಿ ಹೇಳುವಂತಾದರೆ ಮಾತ್ರ ಆ ಶೌರ್ಯವನ್ನು ಸದ್ಗುಣವೆಂದು ಕರೆಯಬಹುದು.