ಇಬ್ಬರ ನಡುವಿನ ಜಾಗ

ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ದುರ್ಗಾಂಬಿಕಾ ಜಾತ್ರೆ ಬಂದಾಗ ಬೀರಲಿಂಗೇಶ್ವರ ದೇವಸ್ಥಾನದ ಮೈದಾನದಲ್ಲಿ ಬಯಲು ಕುಸ್ತಿಯ ಅಖಾಡ ಸಿದ್ಧವಾಗುತ್ತದೆ. ಕೈ ಕುಲುಕಿದ ಇಬ್ಬರು ಪೈಲ್ವಾನರು ಕುತ್ತಿಗೆಗೆ ಕೈ ಹಾಕಿ, ಹಣೆಗೆ ಹಣೆ ತಾಗಿಸಿ ನಿಂತರೆಂದರೆ ಗರಡಿಯಲ್ಲಿ ಕಲಿತ ಪಟ್ಟುಗಳಷ್ಟೇ ಸಾಲವು. ಎದುರಾಳಿಯ ಭಾರ ಯಾವ ಕಾಲಿಗೆ ಸರಿಯಿತು, ಹಿಡಿತ ಎಲ್ಲಿ ಸಡಿಲಿತು ಎಂಬುದು ಅಂಗೈಗೇ ತಿಳಿಯಬೇಕು. ಹಾಗೆ ಹುಟ್ಟಿದ ಪಟ್ಟನ್ನು ಒಬ್ಬನದೇ ಎನ್ನುವುದು ಕಷ್ಟ.

ಯೆಹೂದಿ ಚಿಂತಕ ಮಾರ್ಟಿನ್ ಬೂಬರ್ (1878–1965) ಜೀವನವಿಡೀ ಯೋಚಿಸಿದ್ದು ಈ ನಡುವಿನ ಜಾಗದ ಬಗ್ಗೆಯೇ. 1923ರಲ್ಲಿ ಬಂದ ಅವರ ಜರ್ಮನ್ ಪುಸ್ತಕದ ಹೆಸರೇ ‘ನಾನು ಮತ್ತು ನೀನು’. ಮನುಷ್ಯ ಲೋಕದೊಡನೆ ಎರಡು ಬಗೆಯಲ್ಲಿ ನಂಟು ಬೆಳೆಸುತ್ತಾನೆ. ‘ನಾನು–ಅದು’ ನಂಟಿನಲ್ಲಿ ಎದುರಿನದನ್ನು ಅಳೆಯುತ್ತಾನೆ, ಬಳಸುತ್ತಾನೆ. ‘ನಾನು–ನೀನು’ ನಂಟಿನಲ್ಲಿ ಇಡಿಯಾಗಿ ಮುಖಕೊಟ್ಟು ನಿಲ್ಲುತ್ತಾನೆ.

ಮೊದಲನೆಯದು ಪಾಪವೇನಲ್ಲ. ಬೆಣ್ಣೆದೋಸೆ ಹೋಟೆಲಿನಲ್ಲಿ ‘ಒಂದು ಖಾಲಿ ದೋಸೆ’ ಎಂದು ಹೇಳಿ, ತಿಂದು, ದುಡ್ಡು ಕೊಟ್ಟು ಹೊರಡುವವರು ಕಾವಲಿಯ ಮುಂದೆ ನಿಂತವರ ಮುಖ ನೋಡಿರಲಿಕ್ಕಿಲ್ಲ; ದಿನದ ವ್ಯವಹಾರ ಹಾಗೆಯೇ ಸಾಗಬೇಕು. ಎದುರಾಳಿಯ ತೂಕ ಲೆಕ್ಕಹಾಕುವ ಪೈಲ್ವಾನನೂ ಅಷ್ಟರಮಟ್ಟಿಗೆ ಅವನನ್ನು ‘ಅದು’ ಮಾಡಿಕೊಂಡಿರುತ್ತಾನೆ.

ಮಾತಿನಲ್ಲಿ ಈ ಎರಡರ ವ್ಯತ್ಯಾಸ ಇನ್ನೂ ಸೂಕ್ಷ್ಮ. ಎದುರಿನವರು ಮಾತು ಮುಗಿಸುವ ಮೊದಲೇ ಉತ್ತರ ಹೊಸೆಯುತ್ತ ಕೂತವರಿಗೆ ಕೇಳಿಸುವುದು ತಮ್ಮದೇ ದನಿ. ಸಂವಾದದಂತೆ ಕಾಣುವ ಇಂಥ ಸ್ವಗತಗಳನ್ನು ಬೂಬರ್ ಬೇರೆಯಾಗಿಯೇ ಗುರುತಿಸಿದ್ದರು.

ಹಾಗೆಂದು ಇಬ್ಬರೂ ಕರಗಿ ಒಂದಾಗಬೇಕೆಂದಲ್ಲ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಹೊತ್ತಿಗೆ ಕಟ್ಟಿಸಿದ ಹರಿಹರದ ಹರಿಹರೇಶ್ವರ ದೇವಾಲಯದಲ್ಲಿ ಮೂರ್ತಿಯ ಬಲಭಾಗ ಶಿವ, ಎಡಭಾಗ ವಿಷ್ಣು. ಒಂದೇ ಮೈಯಾದರೂ ಇಬ್ಬರ ಗುರುತೂ ಅಳಿದಿಲ್ಲ. ಬೂಬರ್‌ಗೆ ಅಷ್ಟು ಸಾಮೀಪ್ಯವೂ ಹೆಚ್ಚಾಯಿತೇನೋ. ಅವರ ‘ನೀನು’ ಎದುರಿಗೇ, ಬೇರೆಯಾಗಿಯೇ ನಿಲ್ಲಬೇಕು.

ಇಬ್ಬರೂ ಸರಿಸಮರಾಗಿರಲೇಬೇಕೆ? 1957ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಬೂಬರ್ ಜೊತೆ ಮಾತಿಗೆ ಕೂತ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್, ಚಿಕಿತ್ಸಕರೂ ನೆರವು ಕೇಳಿ ಬಂದವರೂ ಆ ಗಳಿಗೆಯಲ್ಲಿ ಸಮಾನರು ಎಂದರು. ಬೂಬರ್ ಒಪ್ಪಲಿಲ್ಲ. ಚಿಕಿತ್ಸಕರು ಎರಡೂ ಕಡೆಯಿಂದ ನೋಡಬಲ್ಲರು, ಬಂದವರು ಹಾಗೆ ನೋಡಲಾರರು ಎಂಬುದು ಅವರ ವಾದ. ಹುಡುಗನ ಭುಜ ಉಳುಕದಂತೆ ಬಲ ತಗ್ಗಿಸಿ ತಾಲೀಮು ಕೊಡುವ ವಸ್ತಾದರನ್ನು ನೆನೆದರೆ ಬೂಬರ್ ಹೇಳಿದ್ದೇ ಸರಿ ಅನ್ನಿಸುತ್ತದೆ. ಅದೇ ವರ್ಷ ತಮ್ಮ ಪುಸ್ತಕಕ್ಕೆ ಬರೆದ ಹಿನ್ನುಡಿಯಲ್ಲಿ ಅವರು ಶಿಕ್ಷಕರ ಮಾತನ್ನೂ ಎತ್ತಿದರು: ಶಿಕ್ಷಕ ವಿದ್ಯಾರ್ಥಿಯ ಕಡೆಯಿಂದಲೂ ಅನುಭವಿಸಬೇಕು; ಆದರೆ ವಿದ್ಯಾರ್ಥಿಯೂ ಶಿಕ್ಷಕನ ಕಡೆಯಿಂದ ಹಾಗೆಯೇ ಅನುಭವಿಸತೊಡಗಿದರೆ, ಆ ಸಂಬಂಧ ಪಾಠದ್ದಾಗಿ ಉಳಿಯದೆ ಗೆಳೆತನವಾಗಬಹುದು.